ಏನು ಕಂಡುಹಿಡಿದರು ಅಂತ ನಮಗೂ ಹೇಳಿ

ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಪಟ್ಟಣದಲ್ಲಿ ಕೂತು ದಿನಾ ಬೆಳಿಗ್ಗೆ ಊರಿನ ಪೇಪರ್ ಓದುತ್ತೇನೆ. ಮೊದಲು ತೆರೆಯುವುದು ಮಂಗಳೂರು, ಉಡುಪಿಯ ಪುಟ. ಅಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳ ಸುದ್ದಿ ಇಲ್ಲದ ದಿನವೇ ಇಲ್ಲ. ಇರಬೇಕಾದ್ದೇ. ಕೊಣಾಜೆಯಲ್ಲಿ 1980ರಿಂದ ಮಂಗಳೂರು ವಿಶ್ವವಿದ್ಯಾಲಯ ಇದೆ. ಸುರತ್ಕಲ್‌ನಲ್ಲಿ 1960ರಲ್ಲಿ ಕೆಆರ್‌ಇಸಿ ಅಂತ ಶುರುವಾದ ಈಗಿನ ಎನ್‌ಐಟಿಕೆ ಎಂಜಿನಿಯರಿಂಗ್ ಸಂಸ್ಥೆ ಇದೆ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯ ಇದೆ. ಎಕ್ಕೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕೆ ಕಾಲೇಜಂತೂ ಆ ವಿಷಯಕ್ಕೆ ದೇಶದಲ್ಲೇ ಮೊದಲನೆಯದು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಸಂಶೋಧಕರು ಇರುವ ಊರು ನಮ್ಮ ದೇಶದಲ್ಲಿ ಜಾಸ್ತಿ ಇಲ್ಲ.

ಆದರೆ ಆ ಸುದ್ದಿಗಳನ್ನು ಒಮ್ಮೆ ಗಮನ ಕೊಟ್ಟು ಓದಿ ನೋಡಿ. ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣ. ದೀಪ ಬೆಳಗಿಸುತ್ತಿರುವ ಏಳೆಂಟು ಜನರ ಫೋಟೋ. ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ಯಾರದು, ಮುಖ್ಯ ಅತಿಥಿಗಳು ಯಾರು. ಇಂಥವರು ಸ್ವಾಗತಿಸಿದರು, ಇಂಥವರು ವಂದಿಸಿದರು, ಇಂಥವರು ಕಾರ್ಯಕ್ರಮ ನಿರೂಪಿಸಿದರು. ಅಲ್ಲಿಗೆ ಮುಗಿಯಿತು. ಎರಡು ದಿನ ಒಳಗೆ ಏನು ಮಾತಾಡಿದರು, ಯಾವ ವಿಷಯಕ್ಕೆ ಒಬ್ಬರನ್ನೊಬ್ಬರು ಒಪ್ಪಲಿಲ್ಲ, ಹೊಸದಾಗಿ ಏನು ತಿಳಿಯಿತು, ಅದರ ಸುಳಿವೇ ಇರುವುದಿಲ್ಲ.

ಪಕ್ಕದಲ್ಲಿ ಸಣ್ಣ ಫೋಟೋ ಜೊತೆ ಇನ್ನೊಂದು ಸುದ್ದಿ: ‘ಪಿಎಚ್‌ಡಿ ಪದವಿ’. ಹೆಸರು, ಮಾರ್ಗದರ್ಶಕರ ಹೆಸರು, ತಂದೆ ತಾಯಿಯ ಹೆಸರು, ಕನ್ನಡ ಅಕ್ಷರದಲ್ಲಿ ಬರೆದ ಮೂರು ಸಾಲಿನ ಇಂಗ್ಲಿಷ್ ಶೀರ್ಷಿಕೆ. ಈ ಸುದ್ದಿ ಬರಬಾರದು ಅಂತ ನಾನು ಖಂಡಿತ ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದು ಮೊದಲ ಡಾಕ್ಟರೇಟ್. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಜಿಲ್ಲೆ ನಮ್ಮದು. ಆ ಫೋಟೋ ಕತ್ತರಿಸಿ ಇಟ್ಟುಕೊಳ್ಳುವ ಸಂತೋಷ ದೊಡ್ಡದು. ನಾನು ಕೇಳುವುದು ಇನ್ನೆರಡು ಸಾಲು ಮಾತ್ರ. ಐದಾರು ವರ್ಷ ಆ ಹುಡುಗಿ ಏನು ಹುಡುಕಿದಳು? ಏನು ಸಿಕ್ಕಿತು?

ಇಲ್ಲಿ ಡೆಲ್ಫ್ಟ್‌ನಲ್ಲಿ ವಿಶ್ವವಿದ್ಯಾಲಯದಿಂದ ಪೇಪರಿಗೆ ಹೋಗುವ ಟಿಪ್ಪಣಿ ಶುರುವಾಗುವುದೇ ಕಂಡುಕೊಂಡ ಸಂಗತಿಯಿಂದ. ಯಾರು ಮಾಡಿದರು ಅನ್ನುವುದು ಆಮೇಲೆ. ವೇದಿಕೆಯ ಮಾತೇ ಬರುವುದಿಲ್ಲ.

ಕಡಲಿನ ವಿಷಯವನ್ನೇ ತೆಗೆದುಕೊಳ್ಳಿ. ಡೆಲ್ಫ್ಟ್‌ನಿಂದ ಪಶ್ಚಿಮಕ್ಕೆ ಸೈಕಲ್ ತುಳಿದರೆ ಸಮುದ್ರ ಸಿಗುತ್ತದೆ. ಅಲ್ಲಿ 2011ರಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದರು. ತೀರ ಸವೆಯುತ್ತಿದ್ದ ಕಡೆ ಕಲ್ಲು ಹಾಕಲಿಲ್ಲ. ಸಮುದ್ರದ ಒಳಗಿನಿಂದ ಸುಮಾರು 2.15 ಕೋಟಿ ಘನ ಮೀಟರ್ ಮರಳು ತೆಗೆದು ಒಂದೇ ಜಾಗದಲ್ಲಿ ಸುರಿದರು. ಅಲೆ, ಗಾಳಿ, ನೀರಿನ ಸೆಳೆತ ಸೇರಿ ಆ ಮರಳನ್ನು ನಿಧಾನವಾಗಿ ಉತ್ತರಕ್ಕೂ ದಕ್ಷಿಣಕ್ಕೂ ಹಂಚಬೇಕು, ತೀರ ತಾನಾಗಿ ತುಂಬಬೇಕು ಅನ್ನುವುದು ಲೆಕ್ಕ. ಇದನ್ನು ‘ಝಾಂಡ್‌ಮೋಟರ್’ ಅನ್ನುತ್ತಾರೆ. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರೂ ಬೇರೆಯವರೂ ಅಂದಿನಿಂದ ಅಳೆಯುತ್ತಲೇ ಇದ್ದಾರೆ.

ನನಗೆ ಆಶ್ಚರ್ಯ ಆದದ್ದು ಮರಳಿನ ರಾಶಿ ನೋಡಿ ಅಲ್ಲ. ಅಲ್ಲಿ ನಾಯಿ ಕರೆದುಕೊಂಡು ವಾಕಿಂಗ್ ಬಂದಿದ್ದ ವಯಸ್ಸಾದ ಒಬ್ಬರ ಹತ್ತಿರ ಇದೇನು ಅಂತ ಕೇಳಿದೆ. ಅವರು ಎಂಜಿನಿಯರ್ ಅಲ್ಲ, ಬಸ್ ಡ್ರೈವರ್ ಆಗಿದ್ದವರು. ಮರಳು ಎಲ್ಲಿಂದ ಬಂತು, ಯಾವ ಕಡೆ ಜಾಸ್ತಿ ಹೋಗುತ್ತಿದೆ, ಅಂದುಕೊಂಡಿದ್ದಕ್ಕಿಂತ ಏನು ಬೇರೆ ಆಯಿತು, ಎಲ್ಲವನ್ನೂ ನಿಂತಲ್ಲೇ ಹೇಳಿದರು. ‘ನಮ್ಮ ಮನೆ ಹಿಂದಿನ ಸಮುದ್ರ ಅಲ್ವಾ, ಗೊತ್ತಿರಬೇಕಲ್ಲ’ ಅನ್ನುವ ಧಾಟಿಯಲ್ಲಿ ಹೇಳಿದರು. ಅವರಿಗೆ ಯಾರೋ ಅರ್ಥವಾಗುವ ಹಾಗೆ ಹೇಳಿದ್ದಾರೆ, ಒಂದಲ್ಲ, ಹತ್ತಾರು ಸಲ ಹೇಳಿದ್ದಾರೆ.

ಈಗ ನಮ್ಮ ಉಳ್ಳಾಲ, ಸೋಮೇಶ್ವರ, ಉಚ್ಚಿಲಕ್ಕೆ ಬನ್ನಿ. ಮಳೆಗಾಲ ಬಂದರೆ ಕಡಲ್ಕೊರೆತ. ತೆಂಗಿನಮರ ಬೀಳುತ್ತದೆ, ರಸ್ತೆ ತುಂಡಾಗುತ್ತದೆ, ಮನೆ ಹೋಗುತ್ತದೆ. ಲಾರಿಯಲ್ಲಿ ಕಲ್ಲು ಬರುತ್ತದೆ, ಮುಂದಿನ ವರ್ಷ ಮತ್ತೆ ಕಲ್ಲು. ನನ್ನ ಸೋದರಮಾವನ ಮನೆ ಉಚ್ಚಿಲದಲ್ಲಿ ಸಮುದ್ರಕ್ಕೆ ಹತ್ತಿರ. ಅವರಿಗೆ ತಿಳಿದದ್ದು ಏನಿದ್ದರೂ ಕಣ್ಣಳತೆಯದ್ದು. ಇಲ್ಲಿ ಕಲ್ಲು ಹಾಕಿದ ಮೇಲೆ ಆಚೆ ಕಡೆ ಕೊರೆಯಲು ಶುರುವಾಯಿತು, ಅಳಿವೆಬಾಗಿಲಿನಲ್ಲಿ ಕಲ್ಲಿನ ದಂಡೆ ಕಟ್ಟಿದ ಮೇಲೆ ಮರಳಿನ ಹರಿವು ಬದಲಾಯಿತು ಅನ್ನುತ್ತಾರೆ. ಸರಿಯೋ ತಪ್ಪೋ? ಇದನ್ನು ಅಳೆದವರು ನಮ್ಮಲ್ಲೂ ಇದ್ದಾರೆ. ಸುರತ್ಕಲ್‌ನ ಕ್ಯಾಂಪಸ್ಸೇ ಸಮುದ್ರಕ್ಕೆ ಅಂಟಿಕೊಂಡಿದೆ. ಉಪಗ್ರಹದ ಚಿತ್ರ ಇಟ್ಟುಕೊಂಡು, ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವಲ್ಲಿ ದಡ ಎಷ್ಟು ಸರಿದಿದೆ ಅಂತ ಲೆಕ್ಕ ಹಾಕಿದ ಲೇಖನಗಳಿವೆ. ಅವು ಇಂಗ್ಲಿಷ್ ಜರ್ನಲ್‌ಗಳಲ್ಲಿವೆ. ಸಂಶೋಧನೆಯ ಊರಿಗೂ ಮಾವನ ಊರಿಗೂ ನಡುವೆ ಒಂದು ಗಂಟೆಯ ಬಸ್ ದಾರಿ. ಆ ಮಾತು ಮಾತ್ರ ಇವತ್ತಿಗೂ ಅಲ್ಲಿಗೆ ತಲುಪಿಲ್ಲ.

ಇನ್ನೊಂದು ಉದಾಹರಣೆ. ಉಳ್ಳಾಲದ ಕಡಲತೀರದ ಮರಳಿನಲ್ಲಿ ಸಹಜವಾಗಿಯೇ ವಿಕಿರಣ ಸ್ವಲ್ಪ ಜಾಸ್ತಿ ಅಂತ ಮಂಗಳೂರು ವಿಶ್ವವಿದ್ಯಾಲಯದ ಭೌತಶಾಸ್ತ್ರದವರು 1990ರ ದಶಕದಲ್ಲೇ ಅಳೆದು ಪ್ರಕಟಿಸಿದರು. ಮೋನಾಝೈಟ್ ಅನ್ನುವ ಖನಿಜ, ಅದರೊಳಗಿನ ಥೋರಿಯಂ ಇದಕ್ಕೆ ಕಾರಣ. ಕೇರಳದ ಚವರದ ಮರಳಿನಲ್ಲಿರುವುದೂ ಅದೇ. ಪರಿಸರದಲ್ಲಿರುವ ವಿಕಿರಣ ಅಳೆಯುವುದಕ್ಕೇ ಕೊಣಾಜೆಯಲ್ಲಿ ಪ್ರತ್ಯೇಕ ಕೇಂದ್ರ ಇದೆ. ಎಲೆಕ್ಟ್ರಾನ್ ಕಿರಣ ಹೊಮ್ಮಿಸುವ ಮೈಕ್ರೋಟ್ರಾನ್ ಯಂತ್ರವೂ ಇದೆ. ಎಷ್ಟು ಒಳ್ಳೆಯ ಕೆಲಸ! ಆದರೆ ಉಳ್ಳಾಲದಲ್ಲಿ ಎಷ್ಟು ಜನರಿಗೆ ಇದು ಗೊತ್ತು? ತಿಳಿದವರು ಬಾಯಿಬಿಡದಿದ್ದರೆ ಇಂಥ ವಿಷಯ ಒಂದು ದಿನ ಅರ್ಧಂಬರ್ಧವಾಗಿ ವಾಟ್ಸ್ಆ್ಯಪ್‌ಗೆ ಬರುತ್ತದೆ, ಊರಿಗೆ ಊರೇ ಹೆದರುತ್ತದೆ. ಎಷ್ಟಿದೆ, ಬೇರೆ ಕಡೆ ಎಷ್ಟಿರುತ್ತದೆ, ಅದರ ಅರ್ಥ ಏನು ಅಂತ ಅಳೆದವರೇ ಮೊದಲು ಹೇಳಿಬಿಟ್ಟರೆ ಆ ಹೆದರಿಕೆಗೆ ಜಾಗವೇ ಇರುವುದಿಲ್ಲ.

ನನ್ನನ್ನು ತುಂಬ ಕಾಡಿದ್ದು ಮಾತ್ರ ಚಿಕ್ಕಮ್ಮನ ಮಗಳ ವೈವಾ, ಅಂದರೆ ಪಿಎಚ್‌ಡಿಯ ಮೌಖಿಕ ಪರೀಕ್ಷೆ. ರಜೆಗೆ ಊರಿಗೆ ಬಂದಿದ್ದೆ, ಜೊತೆಗೆ ಹೋದೆ. ಯಾವ ವಿಶ್ವವಿದ್ಯಾಲಯ ಅಂತ ಹೇಳುವುದು ಬೇಡ. ಅವಳ ವಿಷಯ ಅಡಿಕೆಯ ಕೊಳೆರೋಗ ತರುವ ಶಿಲೀಂಧ್ರದಂಥ ಜೀವಿ. ಚಿಕ್ಕಪ್ಪ ಪುತ್ತೂರಿನ ಕಡೆಯ ಅಡಿಕೆ ಕೃಷಿಕರು. ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ಬಂದಿದ್ದರು. ಬೆಳಿಗ್ಗೆಯಿಂದ ಅವರು ಮಾಡಿದ ಕೆಲಸ, ಪರೀಕ್ಷಕರ ಊಟಕ್ಕೆ ಹೋಟೆಲಿನಲ್ಲಿ ಹೇಳಿದ್ದು, ಕಾಫಿ ತಿಂಡಿಯ ಕಟ್ಟು ಕಾರಿನಿಂದ ಇಳಿಸಿದ್ದು. ಬಾಗಿಲ ಹತ್ತಿರ ನಿಂತು ನನ್ನನ್ನು ಕೇಳಿದರು, ‘ನಮಗೆ ಒಳಗೆ ಹೋಗ್ಲಿಕ್ಕುಂಟಾ ಮಾರಾಯ?’ ಯಾರೋ ಸಿಬ್ಬಂದಿ ಬಂದು, ಒಳಗೆ ಡಿಪಾರ್ಟ್‌ಮೆಂಟಿನವರು ಮಾತ್ರ, ನೀವು ಹೊರಗೆ ಕೂತ್ಕೊಳ್ಳಿ ಅಂದರು. ಪ್ರತಿ ಮಳೆಗಾಲ ಮೈಲುತುತ್ತು, ಸುಣ್ಣ ಕಲಸಿ ತಲೆತಲಾಂತರದಿಂದ ಕೊಳೆರೋಗದ ಜೊತೆ ಹೋರಾಡಿದವರ ಮನೆಯವರು ಅವರು. ಒಳಗೆ ಅದೇ ರೋಗದ ಬಗ್ಗೆ ಅವರದೇ ಮಗಳು ಮಾತಾಡುತ್ತಿದ್ದಳು. ಇವರು ವರಾಂಡದ ಬೆಂಚಿನಲ್ಲಿ ಫ್ಲಾಸ್ಕ್ ಕಾಯುತ್ತಾ ಕೂತಿದ್ದರು.

ಪಿಎಚ್‌ಡಿ ವೈವಾ ಮುಕ್ತವಾಗಿರಬೇಕು ಅಂತ ಯುಜಿಸಿಯ ನಿಯಮದಲ್ಲೇ ಇದೆ. ಆದರೆ 2016ರ ನಿಯಮ ಹೇಳಿದ್ದು ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು, ಆಸಕ್ತ ತಜ್ಞರ ಬಗ್ಗೆ. ಅಡಿಕೆ ಕೃಷಿಕ ಅಡಿಕೆಯ ವಿಷಯದಲ್ಲಿ ತಜ್ಞ ಅಲ್ವಾ?

ಡೆಲ್ಫ್ಟ್‌ನಲ್ಲಿ ನನ್ನ ಸ್ನೇಹಿತರ ವೈವಾಗಳಿಗೆ ಹೋಗಿದ್ದೇನೆ. ಯಾರು ಬೇಕಾದರೂ ಹೋಗಿ ಕೂರಬಹುದು. ಮೊದಲ ಸಾಲು ಮನೆಯವರದ್ದು. ಪರೀಕ್ಷಕರು ಬರುವ ಮೊದಲು ಅಭ್ಯರ್ಥಿ ಹತ್ತು ಹದಿನೈದು ನಿಮಿಷ ತನ್ನ ಕೆಲಸವನ್ನು ಸಾಮಾನ್ಯ ಜನರಿಗೆ ತಿಳಿಯುವ ಹಾಗೆ ಹೇಳುತ್ತಾರೆ. ಅಜ್ಜಿಗೆ, ಪಕ್ಕದ ಮನೆಯವರಿಗೆ, ತಮ್ಮನಿಗೆ. ಆಮೇಲೆ ಕಪ್ಪು ನಿಲುವಂಗಿ ತೊಟ್ಟ ಪ್ರಾಧ್ಯಾಪಕರು ಸಾಲಾಗಿ ಬರುತ್ತಾರೆ, ಪ್ರಶ್ನೆಗಳು ಶುರುವಾಗುತ್ತವೆ. ಅಭ್ಯರ್ಥಿಯ ಜೊತೆಗೆ ಇಬ್ಬರು ಆಪ್ತರು ನಿಲ್ಲುತ್ತಾರೆ. ಹೊತ್ತು ಮುಗಿದ ಕೂಡಲೇ ದಂಡ ಹಿಡಿದ ಅಧಿಕಾರಿ ಒಳಗೆ ಬಂದು ‘ಹೋರಾ ಎಸ್ಟ್’, ಅಂದರೆ ಹೊತ್ತಾಯಿತು, ಅನ್ನುತ್ತಾರೆ. ಅಭ್ಯರ್ಥಿ ಅರ್ಧ ವಾಕ್ಯದಲ್ಲಿದ್ದರೂ ಅಲ್ಲಿಗೆ ಮುಗಿಯಿತು. ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಅದರೊಳಗೆ ಡಚ್ ಭಾಷೆಯ ಸಾರಾಂಶ ಇರುತ್ತದೆ. ಮಗ ಮಾಡಿದ ಕೆಲಸ ತಾಯಿಗೆ ಅವಳ ಭಾಷೆಯಲ್ಲೇ ಓದಲು ಸಿಗುತ್ತದೆ.

ನಿಲುವಂಗಿ, ದಂಡ ನಮಗೆ ಬೇಡ. ಆ ಹದಿನೈದು ನಿಮಿಷ ಬೇಕು. ಅಡಿಕೆಯಾದರೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಲಿ. ಮೀನಿನ ವಿಷಯವಾದರೆ ಬಂದರಿನವರನ್ನು ಕರೆಯಲಿ. ನಮ್ಮ ಜನರಿಗೆ ಅಷ್ಟು ತಾಳ್ಮೆ ಇಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ತಾಳಮದ್ದಳೆಯಲ್ಲಿ ಕೃಷ್ಣನಿಗೂ ಭೀಷ್ಮನಿಗೂ ನಡೆಯುವ ವಾದವನ್ನು ಗಂಟೆಗಟ್ಟಲೆ ಕೇಳುವ ಊರು ನಮ್ಮದು. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಯಾವ ಅರ್ಥಧಾರಿ ಎಲ್ಲಿ ಜಾರಿದರು, ಯಾರ ಮಾತಿಗೆ ಉತ್ತರ ಬರಲಿಲ್ಲ ಅಂತ ಮರುದಿನ ಅಂಗಡಿ ಕಟ್ಟೆಯಲ್ಲಿ ಚರ್ಚೆ ಮಾಡುತ್ತಾರೆ. ಇಂಥ ಕೇಳುಗರು ಡಚ್ಚರ ಹತ್ತಿರ ಇಲ್ಲ.

ಜನರ ಹತ್ತಿರ ಹೋಗಿ ಮಾಡಿದ ಕೆಲಸ ನಮ್ಮಲ್ಲಿ ಹೊಸದೂ ಅಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಮೂಲ ಹುಡುಕಿ, ಬೋರ್ಡೋ ದ್ರಾವಣ ಸಿಂಪಡಿಸಬೇಕು ಅಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇವತ್ತಿಗೂ ಕರಾವಳಿಯ ಪ್ರತಿ ತೋಟದಲ್ಲಿ ಈ ಅಳತೆ ಬಾಯಿಪಾಠ. ಆ ಸಂಶೋಧನೆ ತೋಟದೊಳಗೆ ಇಳಿಯಿತು, ಅದಕ್ಕೇ ನೂರು ವರ್ಷ ಉಳಿಯಿತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು ನೋಡಿ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟ ಬಂತು. ಊರೂರಿನ, ಜಾತಿ ಜಾತಿಯ, ಕಸುಬು ಕಸುಬಿನ ಮಾತು ಕೇಳಿ ಬರೆದುಕೊಂಡು ಮಾಡಿದ್ದು ಅದು. ಗದ್ದೆಯವರು, ದೈವದ ಪಾತ್ರಿಗಳು, ಮೀನುಗಾರರು ಅಲ್ಲಿ ಗುರುಗಳು.

ಇಲ್ಲಿ ನೆದರ್‌ಲ್ಯಾಂಡ್ಸ್‌ನವರು ಇನ್ನೊಂದು ಕೆಲಸ ಮಾಡಿದ್ದಾರೆ, ಅದರ ಬಗ್ಗೆ ನನಗೆ ನಿಜಕ್ಕೂ ಆಸೆ ಇದೆ. 2015ರಲ್ಲಿ ದೇಶದ ಸಂಶೋಧನೆ ಯಾವ ಕಡೆ ಹೋಗಬೇಕು ಅಂತ ತೀರ್ಮಾನಿಸುವ ಮೊದಲು ಜನರಿಂದಲೇ ಪ್ರಶ್ನೆ ಕೇಳಿದರು. ಸುಮಾರು 11,700 ಪ್ರಶ್ನೆ ಬಂದವು. ಅವನ್ನು ವಿಂಗಡಿಸಿ 140 ಗುಂಪು ಮಾಡಿ ರಾಷ್ಟ್ರೀಯ ವಿಜ್ಞಾನ ಕಾರ್ಯಸೂಚಿ ಮಾಡಿದರು. ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಿತು ಅಂತಲ್ಲ. ಆದರೆ ಪ್ರಶ್ನೆ ಕೇಳುವ ಹಕ್ಕು ಬೇಕರಿಯವನಿಗೂ ಇದೆ ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು.

ದುಡ್ಡಿನ ಮಾತು ನನಗೂ ಗೊತ್ತು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಖಾಯಂ ಹುದ್ದೆಗಳು ಖಾಲಿ ಬಿದ್ದಿವೆ, ಅತಿಥಿ ಉಪನ್ಯಾಸಕರು ಪಾಠ ಎಳೆಯುತ್ತಿದ್ದಾರೆ, ಸಂಬಳ ಸಮಯಕ್ಕೆ ಬರುವುದಿಲ್ಲ. ಅಂಥವರ ಮೇಲೆ ಹೊಸ ಹೊರೆ ಹಾಕುವುದು ಸರಿಯಲ್ಲ. ಝಾಂಡ್‌ಮೋಟರ್‌ಗೆ ಸುರಿದಷ್ಟು ಹಣ ನಮ್ಮಲ್ಲಿ ಇಲ್ಲ ಅನ್ನುವುದೂ ನಿಜ. ಆದರೆ ಒಂದು ಪುಟ ಕನ್ನಡ ಸಾರಾಂಶಕ್ಕೆ ಎಷ್ಟು ಖರ್ಚು? ವಿಚಾರ ಸಂಕಿರಣದ ಶಾಲು, ಹಾರ, ಸ್ಮರಣಿಕೆಗಿಂತ ಕಡಿಮೆ. ನಮ್ಮ ಎಷ್ಟೋ ಪ್ರಬಂಧಗಳು ಶೋಧಗಂಗಾ ಅನ್ನುವ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹದಲ್ಲಿ ಯಾರು ಬೇಕಾದರೂ ಓದುವಂತೆ ಇವೆ. ಅವುಗಳ ಜೊತೆಗೆ ಆ ಒಂದು ಪುಟ ಸೇರಿದರೆ ಸಾಕು. ಪತ್ರಿಕೆಯವರೂ ಅದನ್ನೇ ಕೇಳಿ ಪಡೆಯಲಿ. ಕೊಟ್ಟರೆ ಖಂಡಿತ ಹಾಕುತ್ತಾರೆ, ಕರಾವಳಿಯ ಪೇಪರ್‌ಗಳಿಗೆ ಊರಿನ ಸುದ್ದಿಯ ಮೇಲೆ ಅಷ್ಟು ಪ್ರೀತಿ ಇದೆ.

ಎಲ್ಲ ವಿಭಾಗಗಳೂ ಒಟ್ಟಿಗೆ ಮಾಡಬೇಕು ಅಂತಿಲ್ಲ. ಯಾವುದಾದರೂ ಒಂದು ವಿಭಾಗ ಈ ವರ್ಷ ಶುರುಮಾಡಲಿ. ಮೀನುಗಾರಿಕೆಗೆ ರಜೆ ಇರುವ ಜೂನ್, ಜುಲೈ ಒಳ್ಳೆಯ ಸಮಯ. ಬೋಟುಗಳು ದಡದಲ್ಲಿರುತ್ತವೆ, ಜನ ಸಿಗುತ್ತಾರೆ. ಕೆಲವು ವರ್ಷ ಬೂತಾಯಿ ಮೀನು ಎಲ್ಲಿ ಹೋಗುತ್ತದೆ ಅನ್ನುವುದಕ್ಕೆ ಕಡಲ ಮೀನು ಸಂಶೋಧಕರ ಹತ್ತಿರ ಎಲ್ ನಿನೊದ, ಅಂದರೆ ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರ ಬಿಸಿಯಾಗುವುದರ, ವಿವರಣೆ ಇದೆ. ಅದನ್ನು ಬಂದರಿನಲ್ಲೇ ನಿಂತು ಹೇಳಬಹುದು. ಹೇಳಿ ಮುಗಿಸಿದ ಮೇಲೆ ಅಲ್ಲಿಯವರ ಪ್ರಶ್ನೆಗಳನ್ನು ಬರೆದುಕೊಂಡು ಬರಬಹುದು. ಮೊನ್ನೆ ಫೋನಿನಲ್ಲಿ ಮಾವನಿಗೆ ಈ ವಿಷಯ ಹೇಳಿದಾಗ ಅವರು ತಡಮಾಡದೆ ಎರಡು ಪ್ರಶ್ನೆ ಕೊಟ್ಟರು. ಹಾಕಿದ ಕಲ್ಲು ಮರುವರ್ಷ ಕಾಣುವುದಿಲ್ಲ, ಅದು ಮರಳಿನ ಅಡಿಗೆ ಇಳಿಯುತ್ತದೋ ಸಮುದ್ರದೊಳಗೆ ಹೋಗುತ್ತದೋ? ಕಲ್ಲಿನ ಬದಲು ಇಲ್ಲಿಯೂ ಮರಳು ಹಾಕಿದರೆ ನಮ್ಮ ಮಳೆಗಾಲದ ಅಲೆಗೆ ಎಷ್ಟು ದಿನ ನಿಲ್ಲುತ್ತದೆ? ಸುರತ್ಕಲ್‌ನವರಾಗಲಿ ಕೊಣಾಜೆಯವರಾಗಲಿ ಉತ್ತರ ಕೊಡುವುದಾದರೆ, ಉಚ್ಚಿಲದಲ್ಲಿ ಅವರ ಮನೆ ಅಂಗಳದಲ್ಲೇ ಐವತ್ತು ಜನರನ್ನು ಸೇರಿಸುತ್ತಾರಂತೆ.