ದಿನಕ್ಕೆ 16 ಗಂಟೆ ಅನ್ನೋದು ಸುಳ್ಳು, ಆದರೆ ವರ್ಷ ಓಡುತ್ತದೆ ಅನ್ನಿಸುವುದು ನಿಜ

'ಭೂಮಿಯ ಮಿಡಿತ ಜಾಸ್ತಿಯಾಗಿದೆ, ದಿನಕ್ಕೀಗ 16 ಗಂಟೆ ಮಾತ್ರ, ಅದಕ್ಕೇ ವರ್ಷಗಳು ಓಡುತ್ತಿವೆ' ಎಂಬ ಮೆಸೇಜ್ ಹರಿದಾಡುತ್ತಿದೆ. ಇದು ಸುಳ್ಳು. ಅದರಲ್ಲಿ 'ಭೂಮಿಯ ಮಿಡಿತ' ಎಂದು ಹೇಳುವ ಶೂಮನ್ ಅನುರಣನ ಮಿಂಚಿನಿಂದ ಹುಟ್ಟುವ ರೇಡಿಯೊ ಅಲೆ, ಸುಮಾರು 7.8 ಹರ್ಟ್ಸ್. ಗಡಿಯಾರಕ್ಕೂ ಅದಕ್ಕೂ ಸಂಬಂಧವಿಲ್ಲ. ದಿನದ ಉದ್ದ ಏರುಪೇರಾಗುವುದು ಕೆಲವೇ ಮಿಲಿಸೆಕೆಂಡುಗಳಷ್ಟು.

ಹಾಗಂತ 'ವರ್ಷಗಳು ಓಡುತ್ತಿವೆ' ಎಂದು ಹಿರಿಯರು ಸುಮ್ನೆ ಹೇಳುತ್ತಿಲ್ಲ. 2005ರ ಒಂದು ಅಧ್ಯಯನದಲ್ಲಿ 14ರಿಂದ 94 ವರ್ಷದ 499 ಜನರನ್ನು 'ಕಾಲ ಎಷ್ಟು ಬೇಗ ಓಡಿದಂತೆ ಅನ್ನಿಸಿತು?' ಎಂದು ಕೇಳಲಾಗಿತ್ತು. ಕಳೆದ ವಾರ, ತಿಂಗಳು, ವರ್ಷದ ಬಗ್ಗೆ ಎಲ್ಲರ ಉತ್ತರವೂ ಹೆಚ್ಚುಕಮ್ಮಿ ಒಂದೇ. ಕಳೆದ 10 ವರ್ಷ ಅಂದಾಗ ಮಾತ್ರ ವಯಸ್ಸಾದವರಿಗೆ ಅದು ಬೇಗ ಓಡಿದಂತೆ ಕಂಡಿತ್ತು. ಇದಕ್ಕೆ ನನಗೆ ಒಪ್ಪಿಗೆಯಾಗುವ ವಿವರಣೆ ನೆನಪಿನದು. ಮೊದಲ ಸಲ ಸೈಕಲ್ ಕಲಿತದ್ದು, ಬಿದ್ದು ಮೊಣಕಾಲು ತರಚಿದ್ದು ಇನ್ನೂ ನೆನಪಿರುತ್ತದೆ, ಅಲ್ವಾ? ಒಂದೇ ಥರದ ನೂರು ದಿನಗಳು ಮಾತ್ರ ನೆನಪಿನಲ್ಲಿ ಒಂದಾಗಿಬಿಡುತ್ತವೆ, ಅದಕ್ಕೇ ಹಿಂತಿರುಗಿ ನೋಡಿದಾಗ ಆ ಕಾಲ ಬೇಗ ಓಡಿದಂತೆ ಅನ್ನಿಸುತ್ತದೆ.