ಕ್ಯಾಂಪ್ ಸಾಕು, ಕೋಣೆ ಕೊಡಿ

ನಮ್ಮ ಮನೆಯ ಅಲಮಾರಿ ಮೇಲೆ ಹದಿನಾಲ್ಕು ಕಾಗದದ ಸುರುಳಿಗಳಿವೆ. ನನ್ನವಲ್ಲ, ನನ್ನ ಹತ್ತಿರ ಕಲಿತ ಒಬ್ಬ ಹುಡುಗಿಯವು. ಅವಳ ಅಪ್ಪ ಶಹಾಬಾದ್ ಕಡೆ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿದವರು. ಬಿವಿಎ (ದೃಶ್ಯಕಲೆಯ ಪದವಿ) ಕೊನೇ ವರ್ಷ ಅವಳು ಆ ಖಣಿಯ ಕಲ್ಲಿನ ಮೇಲೆ ತೆಳು ಕಾಗದ ಹಾಸಿ, ಇದ್ದಿಲಿನಿಂದ ಉಜ್ಜುತ್ತ ಹೋದಳು. ಉಳಿ ತಿಂದ ಜಾಗ ಬೆಳ್ಳಗೆ ಉಳಿಯುತ್ತದೆ, ಪದರು ಸೀಳಿದ ಅಂಚು ಕಪ್ಪಗೆ ಏಳುತ್ತದೆ. ಒಂದು ಸುರುಳಿಯಲ್ಲಿ ಐದು ಏಟು ಒಂದೇ ಅಂತರದಲ್ಲಿ ಸಾಲಾಗಿ ಬಿದ್ದಿವೆ, ಆರನೆಯದು ಜಾರಿದೆ. ಅದರ ಮೇಲೆ ಬೆರಳಿಟ್ಟು "ಇಲ್ಲಿ ಯಾರೋ ದಣದಾರ್ ನೋಡ್ರಿ ಮೇಡಂ" ಅಂದಿದ್ದಳು. ಇಪ್ಪತ್ತು ವರ್ಷ ಚಿತ್ರ ಬಿಡಿಸಿ, ಕಲಿಸಿ ಬಂದ ನನಗೆ ಮೈ ಜುಮ್ಮೆಂದಿತು.

ಕಳೆದ ತಿಂಗಳು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಸಿಕ್ಕಳು. "ಫ್ಲೆಕ್ಸ್ ಡಿಸೈನ್ ಮಾಡ್ಲಕತ್ತೀನ್ರಿ" ಅಂದಳು. ಆ ಕೆಲಸ ಕೀಳಲ್ಲ, ಅದರಿಂದ ಒಂದು ಮನೆ ನಡೆಯುತ್ತಿದೆ. ಆದರೆ ಅವಳು ಆ ಉಜ್ಜುಚಿತ್ರಗಳನ್ನು ಎಚ್ಚಿಂಗ್ ಮಾಡಬೇಕೆಂದಿದ್ದಳು. ಎಚ್ಚಿಂಗ್ ಅಂದರೆ ಲೋಹದ ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತುವುದು. ಅದಕ್ಕೆ ಪ್ರೆಸ್ ಬೇಕು, ಪ್ರೆಸ್ ಕಾಲೇಜಿನಲ್ಲಿದೆ. ಡಿಗ್ರಿ ಮುಗಿದ ದಿನವೇ ಅದರ ಬಾಗಿಲು ಮುಚ್ಚಿತು. ಪೇಂಟಿಂಗ್ ಮಾಡುವವರು ಅಡುಗೆಮನೆಯಲ್ಲಾದರೂ ಒಂದು ಕ್ಯಾನ್ವಾಸ್ ನಿಲ್ಲಿಸಿಕೊಂಡಾರು. ಪ್ರಿಂಟ್ ಮಾಡುವವರು, ಶಿಲ್ಪ ಮಾಡುವವರು, ಕುಲುಮೆ ಬೇಕಾದವರು ಏನು ಮಾಡಬೇಕು? ಕಲಾವಿದರು ಕೈಬಿಟ್ಟು ಹೋಗುವುದು ಡಿಗ್ರಿ ಆದ ಮೇಲಿನ ಈ ಎರಡು ಮೂರು ವರ್ಷಗಳಲ್ಲೇ. ನಮ್ಮ ಭಾಗದಲ್ಲಿ ಹೀಗೆ ಕಳೆದುಹೋದವರನ್ನು ಎಣಿಸಹೊರಟರೆ ನನಗೆ ಸಂಕಟವಾಗುತ್ತದೆ.

ಈ ಮಾತು ಎತ್ತಿದಾಗೆಲ್ಲ "ಕ್ಯಾಂಪ್ ಮಾಡ್ತೀವಲ್ರಿ" ಅನ್ನುತ್ತಾರೆ. ಎಷ್ಟೋ ಕ್ಯಾಂಪಿಗೆ ನಾನೂ ಹೋಗಿದ್ದೇನೆ. ಮೂರು ದಿನ ಅಥವಾ ಐದು ದಿನ, ಒಂದು ಕ್ಯಾನ್ವಾಸ್, ಊಟ, ಕೊನೇ ದಿನ ಲಕೋಟೆಯಲ್ಲಿ ಗೌರವಧನ. ಚಿತ್ರ ಮಾತ್ರ ಸಂಘಟಕರ ಪಾಲು. ಐದು ದಿನದಲ್ಲಿ ಮುಗಿಸಿ ಕೊಡಲೇಬೇಕಾದಾಗ ಯಾರೂ ತಮಗೆ ಬರದ ಕೆಲಸಕ್ಕೆ ಕೈ ಹಾಕುವುದಿಲ್ಲ. ಎಲ್ಲರೂ ತಮ್ಮ ಕೈಗೆ ಪಳಗಿದ್ದನ್ನೇ ಮತ್ತೊಮ್ಮೆ ಮಾಡುತ್ತಾರೆ. ಒಳ್ಳೆಯ ರೆಸಿಡೆನ್ಸಿ ಹಾಗಲ್ಲ. ಅಲ್ಲಿ ನಿಮಗೆ ತಿಂಗಳುಗಟ್ಟಲೆ ಕೋಣೆ ಕೊಡುತ್ತಾರೆ, ಖರ್ಚಿಗೆ ಹಣ ಕೊಡುತ್ತಾರೆ. ನೀವು ಕೆಡಿಸಬಹುದು, ಹರಿದು ಹಾಕಬಹುದು, ಮತ್ತೆ ಮೊದಲಿಂದ ಶುರು ಮಾಡಬಹುದು. ಮಾಡಿದ್ದು ನಿಮ್ಮದೇ ಆಗಿ ಉಳಿಯುತ್ತದೆ.

ಇದಕ್ಕೆ ಮಹಾನಗರವೇ ಆಗಬೇಕೆಂದೂ ಇಲ್ಲ. ಅಮೆರಿಕದ ಪ್ರಾವಿನ್ಸ್‌ಟೌನ್ ಸಮುದ್ರದ ತುದಿಯಲ್ಲಿರುವ ಮೀನುಗಾರರ ಸಣ್ಣ ಊರು. ಅಲ್ಲಿನ ಫೈನ್ ಆರ್ಟ್ಸ್ ವರ್ಕ್ ಸೆಂಟರ್ 1968ರಲ್ಲಿ ಶುರುವಾಯಿತು. ನಡೆಯುವುದು ಹಳೇ ಕಟ್ಟಿಗೆ ಅಡ್ಡೆಯೊಂದರ ಜಾಗದಲ್ಲಿ. ಇನ್ನೂ ಹೆಸರು ಮಾಡದ ಹತ್ತು ದೃಶ್ಯಕಲಾವಿದರು, ಹತ್ತು ಬರಹಗಾರರಿಗೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ 7 ತಿಂಗಳು ಮನೆ, ಸ್ಟುಡಿಯೊ, ತಿಂಗಳ ಖರ್ಚು. ಪ್ರವಾಸಿಗರೆಲ್ಲ ಹೋಗಿ ಊರು ಖಾಲಿಯಾಗುವ ಚಳಿಗಾಲದಲ್ಲಿ ಅಲ್ಲಿ ಕೆಲಸ ನಡೆಯುತ್ತದೆ. ನಮ್ಮ ದೇಶದಲ್ಲೂ ದಾರಿ ತೋರಿದವರಿದ್ದಾರೆ. ದೆಹಲಿಯ ಖೋಜ್ ಎಂಬ ಕಲಾಸಂಸ್ಥೆ 1997ರಿಂದ ಇದೆ, ಆಗಷ್ಟೇ ಕಾಲೇಜು ಮುಗಿಸಿದವರಿಗೆಂದೇ 'ಪೀರ್ಸ್' ಎಂಬ ರೆಸಿಡೆನ್ಸಿ ನಡೆಸಿಕೊಂಡು ಬಂದಿದೆ. ಬೆಂಗಳೂರಿನಲ್ಲಿ ಒನ್ ಶಾಂತಿರೋಡ್ ಎಂಬ ಸ್ಟುಡಿಯೊ ಇದೆ. ಆದರೆ ಕಲಬುರಗಿಯಿಂದ ಬೆಂಗಳೂರೇ ಒಂದು ರಾತ್ರಿಯ ರೈಲು, ದೆಹಲಿ ಇನ್ನೂ ದೂರ.

ಎಳೆಯ ಗೆಳೆಯರಿಗೆ ಒಂದು ಮಾತು ಹೇಳಲೇಬೇಕು. 'ಆಯ್ಕೆಯಾಗಿದ್ದೀರಿ' ಅಂತ ಪತ್ರ ಬಂದ ಕೂಡಲೇ ಸ್ಟೇಟಸ್ ಹಾಕಬೇಡಿ, ಪತ್ರವನ್ನು ಕೊನೇ ಸಾಲಿನವರೆಗೆ ಓದಿ. ನನಗೂ ಒಮ್ಮೆ ಅಂಥ ಪತ್ರ ಬಂದಿತ್ತು. ಮನೆಯಲ್ಲಿ ಸಿಹಿ ಹಂಚಿಯಾಗಿತ್ತು. ಕೆಳಗೆ ನೋಡಿದರೆ ವಾಸದ ಶುಲ್ಕ, ಸ್ಟುಡಿಯೊ ಶುಲ್ಕ, ವಿಮಾನದ ಖರ್ಚು ಎಲ್ಲ ನನ್ನದೇ. ಹೋಗಲಿಲ್ಲ. ಹೋಗಿಬರುವ ಖರ್ಚು, ವಾಸ, ಊಟ, ಸ್ಟುಡಿಯೊ, ಸಾಮಗ್ರಿ ಹಣ, ಕೈಖರ್ಚು: ಇಷ್ಟರಲ್ಲಿ ಯಾವುದನ್ನು ಅವರು ಕೊಡುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ಮನೆಗೆ ದುಡ್ಡು ಕಳಿಸುವ ಹುಡುಗ ಮೂರು ತಿಂಗಳು ಸಂಬಳ ಬಿಟ್ಟು ಬರಬೇಕಾದರೆ ಊಟ, ಹಾಸಿಗೆ ಮಾತ್ರ ಸಾಲದು. ಕೈಖರ್ಚು ಕೊಡದ ರೆಸಿಡೆನ್ಸಿ ಉಳ್ಳವರ ಮಕ್ಕಳಿಗಷ್ಟೇ ದಕ್ಕುತ್ತದೆ.

ಇನ್ನು ಅರ್ಜಿಯ ಭಾಷೆ. ಆ ಹುಡುಗಿಯ 'ಆರ್ಟಿಸ್ಟ್ ಸ್ಟೇಟ್‌ಮೆಂಟ್' ಅನ್ನು ಯಾರೋ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು. ಓದಿದೆ. ಅದರಲ್ಲಿ ಖಣಿ ಇರಲಿಲ್ಲ, ಅಪ್ಪ ಇರಲಿಲ್ಲ, ದಣಿದ ಕೈ ಇರಲಿಲ್ಲ. ಭಾರೀ ಭಾರೀ ಪದಗಳಿದ್ದವು, ಯಾರ ಚಿತ್ರಕ್ಕಾದರೂ ಅಂಟಿಸಬಹುದಿತ್ತು. ಅವಳು ನನ್ನೆದುರು ಹೇಳಿದ ಆ ಒಂದು ವಾಕ್ಯ ಕನ್ನಡದಲ್ಲೇ ಆಯ್ಕೆದಾರರ ಮುಂದೆ ಹೋಗಿದ್ದರೆ! ಇದು ಆಗದ ಮಾತೇನಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತದ ಯಾವ ಭಾಷೆಯಲ್ಲಿ ಬರೆದರೂ ಪ್ರಸ್ತಾವನೆ ತೆಗೆದುಕೊಳ್ಳುತ್ತದೆ. ಉಳಿದವರಿಗೂ ಇದು ಸಾಧ್ಯ.

ಇಲ್ಲಿ ನೋಡಲಿಕ್ಕೆ, ಕಲಿಯಲಿಕ್ಕೆ ಏನಿದೆ ಅಂತ ಕೇಳುವವರು ಕನಗನಹಳ್ಳಿಗೆ ಬರಲಿ. ಸನ್ನತಿಯ ಪಕ್ಕದ ಆ ಸ್ತೂಪದಲ್ಲಿ 'ರಾಯೊ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಅಶೋಕನ ಉಬ್ಬುಶಿಲ್ಪವಿದೆ. ಅಲ್ಲಿನ ಚಪ್ಪಡಿಗಳ ಮೇಲೆ ದಾನ ಕೊಟ್ಟವರ ಹೆಸರುಗಳೂ ಇವೆ. ಉಳಿ ಹಿಡಿದವನ ಹಿಂದೆ ಹಣ ಕೊಟ್ಟವರಿದ್ದರು ಅಂತ ಕಲ್ಲೇ ಹೇಳುತ್ತಿದೆ. ಸುರಪುರದ ಕಿರುಚಿತ್ರಗಳು ಬೆಳೆದದ್ದು ಅಲ್ಲಿನ ನಾಯಕ ಅರಸರ ಆಶ್ರಯದಲ್ಲಿ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ತೀರಿಕೊಂಡ, ಸಂಸ್ಥಾನ ಮುಳುಗಿತು, ಆ ಆಸರೆಯೂ ಹೋಯಿತು. ಬೀದರಿನಲ್ಲಿ ಬಿದರಿ ಕೆಲಸ ಇವತ್ತಿಗೂ ನಡೆಯುತ್ತಿದೆ. ಸತುವು, ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಹಳೇ ಮಣ್ಣು ಹಚ್ಚಿದ ಮೇಲೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ಹೊಸ ಕಾಲದ ಕಲಾವಿದರೊಬ್ಬರು ಆ ಕುಶಲಿಗಳ ಪಕ್ಕ ಎರಡು ತಿಂಗಳು ಕೂತರೆ ಏನೇನು ಹುಟ್ಟೀತು ಅಂತ ನನಗೆ ನೆನೆದಾಗೆಲ್ಲ ಆಸೆಯಾಗುತ್ತದೆ. ಕುಶಲಿಗಳಿಗೂ ಅಷ್ಟೇ ಹಣ ಕೊಡಬೇಕು, ಅವರೂ ಗುರುಗಳೇ.

ಚಿತ್ರಕಲಾವಿದ ಎಸ್.ಎಂ. ಪಂಡಿತರು 1916ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಹೆಸರು ಮಾಡಲಿಕ್ಕೆ ಮುಂಬೈಗೆ ಹೋಗಬೇಕಾಯಿತು. ಇವತ್ತು ಅವರ ಹೆಸರಿನ ರಂಗಮಂದಿರ ಊರಲ್ಲಿದೆ, ಹೆಮ್ಮೆಯ ಮಾತು. ಆದರೆ ನೂರು ವರ್ಷ ದಾಟಿದರೂ ನಮ್ಮ ಮಕ್ಕಳು ಅದೇ ರೈಲು ಹತ್ತುತ್ತಿದ್ದಾರೆ.

ಇಲ್ಲೇ ಒಂದು ರೆಸಿಡೆನ್ಸಿ ನಡೆಸಲಿಕ್ಕೆ ಎಷ್ಟಾದೀತು ಅಂತ ಲೆಕ್ಕ ಹಾಕಿ ನೋಡಿದ್ದೇನೆ. ವರ್ಷಕ್ಕೆ 6 ಜನ, ತಲಾ 3 ತಿಂಗಳು, ತಿಂಗಳಿಗೆ 25,000 ರೂಪಾಯಿ ಅಂದರೆ ನಾಲ್ಕೂವರೆ ಲಕ್ಷ. ಸಾಮಗ್ರಿಗೆ ತಲಾ 50,000 ಸೇರಿಸಿದರೆ ಏಳೂವರೆ ಲಕ್ಷ. ಮೇಲೆ ಒಂದು ಮನೆ ಬಾಡಿಗೆ, ಒಂದೇ ಸಲದ ಖರ್ಚಾಗಿ ಒಂದು ಪ್ರೆಸ್. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಇರುವುದು ಇದೇ ಕಲಬುರಗಿಯಲ್ಲಿ, ಅದು ಖರ್ಚು ಮಾಡುವುದು ಕೋಟಿಗಳಲ್ಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದಾಗ ಓದು, ನೌಕರಿ ಬಗ್ಗೆ ಮಾತಾಡಿದೆವು, ಸರಿಯೇ. ಈ ಏಳೂವರೆ ಲಕ್ಷದ ಬಗ್ಗೆಯೂ ಯಾರಾದರೂ ಮಾತಾಡಬೇಕಲ್ಲ? ಅರ್ಜಿ ಕನ್ನಡದಲ್ಲಿರಲಿ, ಉರ್ದುವಿನಲ್ಲಿರಲಿ. ಮುಗಿದ ಮೇಲೆ ಚಿತ್ರ ಕಸಿದುಕೊಳ್ಳುವುದು ಬೇಡ.

ಅಲ್ಲಿಯವರೆಗೆ ಇರುವುದನ್ನು ಬಿಡಬಾರದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವಯಸ್ಸಿನವರಿಗೆ, ತಿಂಗಳಿಗೆ 5,000 ರೂಪಾಯಿ, 2 ವರ್ಷ. 25ರಿಂದ 40ರವರಿಗೆ ಜೂನಿಯರ್ ಫೆಲೋಶಿಪ್, ತಿಂಗಳಿಗೆ 10,000. ದೊಡ್ಡ ಮೊತ್ತವಲ್ಲ, ಆದರೂ ಫ್ಲೆಕ್ಸ್ ಅಂಗಡಿಯಿಂದ ವಾರಕ್ಕೆರಡು ದಿನ ಬಿಡಿಸಿಕೊಂಡೀತು. ಆ ಹುಡುಗಿಗೀಗ 24. ಭಾನುವಾರ ಬರುತ್ತೇನೆ ಅಂದಿದ್ದಾಳೆ. ಹದಿನಾಲ್ಕೂ ಸುರುಳಿ ಬಿಚ್ಚಿ ಬೆಳಕಿಗೆ ಹಿಡಿದು ಫೋಟೊ ತೆಗೆಯಬೇಕು.

ಬ್ರಹ್ಮಪುರದಲ್ಲೋ ಶಹಾಬಜಾರಿನಲ್ಲೋ ನಿಮ್ಮದೊಂದು ಹಳೇ ಮನೆ ಖಾಲಿ ಬಿದ್ದಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ. ಸುಣ್ಣ ಬಣ್ಣ ನಾವೇ ಮಾಡಿಕೊಳ್ಳುತ್ತೇವೆ. ನೀರು, ಕರೆಂಟ್ ಬೇಕು. ನೆಲ ಫರ್ಸಿಯದಾಗಿದ್ದರೆ ಒಳ್ಳೆಯದು, ಪ್ರೆಸ್ಸಿನ ಭಾರ ತಡೆಯುತ್ತದೆ.