ಕಡಲ ಮೀನುಗಳನ್ನು ಯಾರಿಗೆ ಒಪ್ಪಿಸಬೇಕು
ಉಪ್ಪುನೀರಿನ ತೊಟ್ಟಿಯನ್ನು ಚಿಕ್ಕದು ಮಾಡುವವರು ಕೇಳಿದವರಿಗೆಲ್ಲ ಮೀನು ಹಂಚಬಹುದೆಂಬ ಲೇಖನವೊಂದರ ಸಲಹೆಯನ್ನು ನಾನು ಒಪ್ಪಲಾರೆ. ಜಯನಗರದ ನಮ್ಮ ಮನೆಯ ತೊಟ್ಟಿಯನ್ನು ಕಿರಿದುಗೊಳಿಸಿದಾಗ, ಅಕ್ಕರೆಯಿಂದ ಸಾಕಿದ ಕ್ಲೌನ್ ಮೀನಿನ ಜೋಡಿಯನ್ನು ಬೇರ್ಪಡಿಸದೆ, ಅವು ಮೈಯುಜ್ಜಿಕೊಂಡು ಮಲಗುತ್ತಿದ್ದ ಅನಿಮೋನ್ ಎಂಬ ಹೂವಿನಂಥ ಕಡಲಜೀವಿಯನ್ನು ಅದರ ಪಾದ ಹರಿಯದಂತೆ ಅಂಟಿದ್ದ ಕಲ್ಲಿನ ಸಮೇತವೇ ಎತ್ತಿ, ಅನುಭವಿ ಪರಿಚಿತರೊಬ್ಬರಿಗೆ ಒಪ್ಪಿಸಿದೆವು. ಪಡೆಯುವವರ ನೀರಿನ ಉಪ್ಪಿನಂಶವನ್ನು ತೋರುವ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿದೆಯೇ, ಕರೆಂಟು ಹೋದಾಗ ಗಾಳಿಯ ಪಂಪು ಬ್ಯಾಟರಿಯಲ್ಲಿ ಓಡುತ್ತದೆಯೇ ಎಂಬುದನ್ನು ಖುದ್ದಾಗಿ ಹೋಗಿ ನೋಡಲೇಬೇಕು. ಬೆಂಗಳೂರಿನಲ್ಲಿ ಎರಡನೆಯದನ್ನು ಮರೆಯುವವರೇ ಹೆಚ್ಚು. ಕೆರೆಗೆ ಬಿಡುವ ಮಾತಂತೂ ಬೇಡವೇ ಬೇಡ, ಸಿಹಿನೀರಿನಲ್ಲಿ ಅವು ಉಳಿಯುವುದಿಲ್ಲ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ, ಅವುಗಳ ವಿಷಯದಲ್ಲಿ ಅರಣ್ಯ ಇಲಾಖೆಯನ್ನು ವಿಚಾರಿಸದೆ ಯಾರೂ ಮುಂದುವರಿಯಬಾರದು.